ಗಂಡುಬೆಕ್ಕಿಗೆ ಬಾಗಿಲು ತೆರೆದ ಖೀರಪ್ಪ

ಗೋವಾದ ಚಿಂಬಲ್‌ನಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ ಮಾಡುವ ಖೀರಪ್ಪನಿಗೆ ಸಂಸಾರದ ಸಂಗತಿಗಳಲ್ಲಿ ತಾನು ಬಲು ತಿಳಿದವನೆಂಬ ಭ್ರಮೆ. ಓಣಿಯಲ್ಲಿ ಗಂಡಹೆಂಡಿರು ಜಗಳವಾಡಿದರೆ ಕರೆಯದಿದ್ದರೂ ಹೋಗಿ ರಾಜಿ ಮಾಡಿಸುತ್ತಿದ್ದ. ಇಬ್ಬರಿಂದಲೂ ಬೈಸಿಕೊಂಡು ಬರುತ್ತಿದ್ದ.

ಅವನ ಖೋಲಿಯ ಮಂಚದ ಕೆಳಗೆ ಬೂದು ಬೆಕ್ಕೊಂದು ಮರಿ ಹಾಕಿತ್ತು. ಒಂದು ರವಿವಾರ ಬೆಳಿಗ್ಗೆ ದಪ್ಪ ತಲೆಯ ಗಂಡುಬೆಕ್ಕೊಂದು ಬಾಗಿಲ ಹೊರಗೆ ಕುಳಿತು ಒಂದೇ ಸಮ ಕೂಗತೊಡಗಿತು. ಕೊಡ ಹಿಡಿದು ನಳಕ್ಕೆ ಹೊರಟ ಹೆಂಡತಿ ಮೀರಾಬಾಯಿ ಬಾಗಿಲು ಎಳೆದುಕೊಂಡಳು.

"ಅದನ್ನ ಒಳಗ ಬಿಡಬ್ಯಾಡ್ರಿ. ಮರಿ ಕೊಲ್ಲತೈತಿ."

"ಅಪ್ಪ ಆದಾಂವ ತನ್ನ ಮಕ್ಕಳನ್ನ ಯಾಕ ಕೊಲ್ಲತಾನ?"

"ಅದ ಅಪ್ಪ ಅಂತ ಯಾರ ಹೇಳಿದ್ರು? ಮೊನ್ನೆ ಬಂದು ಹಳೇ ಗಂಡನ್ನ ಓಡಿಸೈತಿ. ಮರಿ ಹೋದ್ರ ತಾಯಿ ಲಗೂನ ಬೆದಿಗೆ ಬರತೈತಿ. ಅದಕ್ಕ ತನ್ನ ಮರಿ ಬೇಕಾಗ್ಯಾವ."

ಖೀರಪ್ಪ ನಕ್ಕ. ಗಂಡುಜಾತಿಯ ಮೇಲೆ ಈ ಹೆಂಗಸರಿಗೆ ಎಷ್ಟು ಅನುಮಾನ ಎಂದುಕೊಂಡ. ಅವಳು ಅತ್ತ ಹೋದದ್ದೇ ತಡ, ಬಾಗಿಲು ತೆರೆದು, ಬಂಗುಡೆಯ ತಲೆಯೊಂದನ್ನು ಹೊಸ್ತಿಲಲ್ಲಿಟ್ಟು, "ಬಾರಪಾ, ಮಕ್ಕಳನ್ನ ನೋಡು" ಎಂದ.

ಗಂಡುಬೆಕ್ಕು ಮೀನನ್ನು ಮೂಸಲೂ ಇಲ್ಲ. ನೇರ ಮಂಚದ ಕೆಳಗೆ ನುಗ್ಗಿತು. ತಾಯಿ ಮೈಯುಬ್ಬಿಸಿ ಅದರ ಮೋರೆಗೆ ಹಾರಿತು. ಬಿಡಿಸಲು ಕೈ ಹಾಕಿದ ಖೀರಪ್ಪನ ಮುಂಗೈಯನ್ನೂ ಸೀಳಿತು. ಅವನು ಕಸಬರಿಗೆಯಿಂದ ಬಡಿದು ಗಂಡನ್ನು ಓಡಿಸುವಷ್ಟರಲ್ಲಿ ಒಂದು ಮರಿಯ ಕುತ್ತಿಗೆ ಜೋತುಬಿದ್ದಿತ್ತು.

ಮೀರಾಬಾಯಿ ಬಂದು ನೋಡಿದಳು. ಕೊಡ ಇಳಿಸಿ ಅವನ ಕೈಯ ರಕ್ತ ತೊಳೆದಳು. ಖೀರಪ್ಪ ಸತ್ತ ಮರಿಯನ್ನು ತನ್ನ ಬನಿಯನ್ನಿನಲ್ಲಿ ಸುತ್ತಿ ಗೋಡೆಯ ಹಿಂದೆ ಹೂಳಿ ಬರುವಷ್ಟರಲ್ಲಿ, ತಾಯಿ ಉಳಿದ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಪಕ್ಕದ ಮನೆ ಸುರೇಖಾಳ ಅಟ್ಟ ಸೇರಿಸಿತ್ತು.

ದವಾಖಾನೆಯಲ್ಲಿ ಸೂಜಿ ಚುಚ್ಚುತ್ತಾ ಸಿಸ್ಟರ್ ಕೇಳಿದರು: "ಬೆಕ್ಕಿಗೆ ಏನು ಮಾಡಿದಿರಿ?"

"ಅದರ ಮನಿಗೆ ಬೀಗರನ್ನ ಕರದಿದ್ನಿರಿ," ಎಂದ ಖೀರಪ್ಪ. "ನನ್ನಷ್ಟು ಶಾಣ್ಯಾ ಈ ಓಣಿಯೊಳಗ ಇನ್ನೊಬ್ಬ ಇಲ್ರಿ."

ಸಂಜೆ ಕೈಗೆ ಪಟ್ಟಿ ಸುತ್ತಿಕೊಂಡೇ ಸುರೇಖಾಳ ಹೊಸ್ತಿಲಲ್ಲಿ ಕಾವಲು ಕುಳಿತ. ಗಂಡುಬೆಕ್ಕಿನ ಸುಳಿವಿರಲಿಲ್ಲ. ಆದರೂ ಅಟ್ಟದಿಂದ ತಾಯಿಬೆಕ್ಕು ಗುರ್ ಎನ್ನುವುದು ನಿಲ್ಲಲಿಲ್ಲ.

"ಕಾಕಾ, ಸ್ವಲ್ಪ ದೂರ ಕುಂದರ್ರಿ," ಎಂದಳು ಸುರೇಖಾ ಸಂಕೋಚದಿಂದ. "ನಿಮ್ಮನ್ನ ನೋಡಿ ಅದು ಹಾಲ ಕುಡಸವಲ್ದು."

ಖೀರಪ್ಪ ಎದ್ದು ಓಣಿಯ ಆಚೆ ಬದಿಯ ಕಟ್ಟೆಗೆ ಹೋದ. ಮಳೆ ಹನಿಯುತ್ತಿತ್ತು. ಅಲ್ಲಿಂದ ಅಟ್ಟ ಕಾಣುತ್ತಿರಲಿಲ್ಲ, ಬಾಗಿಲಷ್ಟೇ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕುಳಿತ. ಸ್ವಲ್ಪ ಹೊತ್ತಿಗೆ ಮೀರಾಬಾಯಿ ಛತ್ರಿ ತಂದು ಪಕ್ಕದಲ್ಲಿ ಕುಳಿತಳು.