ಕಟ್ಟೆಯ ಕೆಳಗಿನ ಮುಚ್ಚಳ

ಬೀದಿಯ ಒಳಚರಂಡಿ ಮತ್ತೆ ಕಟ್ಟಿಕೊಂಡಿತ್ತು. ಇಳಿಜಾರಿನ ಮೇಲ್ಗಡೆಯ ಮುಚ್ಚಳದಿಂದ ಕೊಳಕು ಉಕ್ಕಿ ಇಸ್ತ್ರಿ ಅಂಗಡಿಯ ಮುಂದೆ ಹರಿಯುತ್ತಿತ್ತು. ಬಟ್ಟೆಗೂ ನಾತ ಹತ್ತುತ್ತದೆಂದು ಗಿರಾಕಿಗಳು ತಂದ ಗಂಟನ್ನು ಹಾಗೇ ವಾಪಸು ಒಯ್ದರು. ಇಸ್ತ್ರಿಯವನು ನಗರಸಭೆಗೆ ಹಿಡಿಶಾಪ ಹಾಕುತ್ತಾ ಕೂತಿದ್ದ. ಬೈಯುವುದಕ್ಕೆ ಅವನ ಬಾಯಿಗೇನು ಬರವೇ?

ಐದನೆಯ ದಿನ ನಗರಸಭೆಯ ಎಂಜಿನಿಯರಮ್ಮ ಬಂದರು. ಕೈಯಲ್ಲಿ ಪಂಜರದೊಳಗೆ ಕೂರಿಸಿದ ಪುಟ್ಟ ಡ್ರೋನ್. ಕೊಳವೆಗೆ ನಲವತ್ತು ವರ್ಷವಾಗಿದೆ, ಒಳಗೆ ಎಲ್ಲಿ ಕುಸಿದಿದೆಯೋ ಗೊತ್ತಿಲ್ಲ, ಇದು ದೀಪ ಹಚ್ಚಿಕೊಂಡು ಹಾರಿ ಚಿತ್ರ ಕಳಿಸುತ್ತದೆ ಎಂದು ವಿವರಿಸಿದರು. ಮೇಲ್ಗಡೆಯ ಮುಚ್ಚಳದಡಿ ಕೊಳಕು ತುಂಬಿ ನಿಂತಿದ್ದರಿಂದ ಅಲ್ಲಿ ಇಳಿಸುವಂತಿರಲಿಲ್ಲ. ಉಳಿದದ್ದು ಇಳಿಜಾರಿನ ಕೆಳಗಡೆಯ ಮುಚ್ಚಳ. ಅದು ಇಸ್ತ್ರಿಯವನ ಅಂಗಡಿ ಕಟ್ಟೆಯ ಅಡಿಯಲ್ಲಿತ್ತು. ನಾತ ತಾಳಲಾರದೆ ಆರು ವರ್ಷದ ಹಿಂದೆ ಇವನೇ ಅದರ ಮೇಲೆ ಕಾಂಕ್ರೀಟು ಸುರಿಸಿದ್ದ.

ಕಟ್ಟೆ ಒಡೆಯಬೇಕು ಎಂದಾಗ ಅವನು ಸುತರಾಂ ಒಪ್ಪಲಿಲ್ಲ. “ಮದುವೇಲಿ ಫೋಟೋ ತೆಗೆಯೋ ಆಟದ ಸಾಮಾನು ಅದು. ಕತ್ತಲಲ್ಲಿ ಅದಕ್ಕೇನು ಕಾಣುತ್ತೆ? ಯಾರನ್ನಾದ್ರೂ ಇಳಿಸಿ ನೋಡ್ಕೊಳ್ಳಿ.”

ಈ ಮಾತು ಮಗನ ಜೊತೆ ಅಲ್ಲೇ ನಿಂತಿದ್ದ ಅವನ ಅಕ್ಕನ ಕಿವಿಗೆ ಬಿತ್ತು. ಅವಳ ಗಂಡ ಎರಡು ವರ್ಷದ ಹಿಂದೆ ಇದೇ ಚರಂಡಿಗೆ ಇಳಿದು, ವಿಷಗಾಳಿ ಕುಡಿದು ಹೆಣವಾಗಿ ಮೇಲೆ ಬಂದಿದ್ದ. ಆ ಕೆಲಸ ಈಗ ಮಗನದು. ಡ್ರೋನ್ ಹೋಗದಿದ್ದರೆ ನಾಳೆ ಗುತ್ತಿಗೆದಾರ ಅವನ ಸೊಂಟಕ್ಕೇ ಹಗ್ಗ ಕಟ್ಟುತ್ತಾನೆಂದು ಅವಳಿಗೆ ಗೊತ್ತಿತ್ತು.

ಅಕ್ಕ ದನಿ ಏರಿಸಲಿಲ್ಲ. “ಅವತ್ತು ಗಾಳಿ ಆಡಲಿ ಅಂತ ಕೆಳಗಿನ ಮುಚ್ಚಳ ತೆಗೆಯೋಕೆ ಹೋದ್ರಂತೆ ಕಣೋ ನಿನ್ನ ಭಾವ. ಹುಡುಕಿದ್ರೂ ಸಿಗಲಿಲ್ಲ. ಹಾಗೇ ಇಳಿದ್ರು. ಎಲ್ಲಿತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು. ತಮ್ಮ ಅಲ್ವಾ ಅಂತ ಸುಮ್ಮನಿದ್ದೆ.”

ಎರಡೂ ಮುಚ್ಚಳ ತೆಗೆದರೂ ಒಳಗೆ ವಿಷಗಾಳಿ ಉಳಿದಿರುತ್ತದೆ, ಮನುಷ್ಯರನ್ನು ಇಳಿಸಲೇಬಾರದು ಎಂದು ಎಂಜಿನಿಯರಮ್ಮ ಹೇಳುತ್ತಿದ್ದರು. ಅವನಿಗೆ ಅದು ಕೇಳಿಸಲಿಲ್ಲ. ಭಾವನಿಗೆ ಮುಚ್ಚಳ ಸಿಗದಿದ್ದುದು ತನ್ನ ಕಟ್ಟೆಯಿಂದಲೇ ಎಂದು ಅವನಿಗೂ ಗೊತ್ತಿತ್ತು. ಅದನ್ನು ನುಂಗಿಕೊಂಡೇ ಎರಡು ವರ್ಷ ಅಕ್ಕನ ಮನೆಯಲ್ಲಿ ಉಂಡಿದ್ದ. ಪಕ್ಕದ ಅಂಗಡಿಯಿಂದ ಸುತ್ತಿಗೆ ತಂದು ಕಟ್ಟೆಯನ್ನು ತಾನೇ ಒಡೆದ. ಅಂಗೈ ಬೊಬ್ಬೆ ಎದ್ದರೂ ನಿಲ್ಲಿಸಲಿಲ್ಲ.

ಮಧ್ಯಾಹ್ನ ಡ್ರೋನ್ ಒಳಗೆ ಹೋಯಿತು. ಎಲ್ಲರೂ ಎಂಜಿನಿಯರಮ್ಮನ ಕೈಯಲ್ಲಿದ್ದ ಪರದೆಗೆ ಕಣ್ಣು ನೆಟ್ಟರು. ನೂರು ಅಡಿ ದಾಟುತ್ತಲೇ ಕೊಳವೆಯ ಮೇಲ್ಭಾಗವೇ ಇರಲಿಲ್ಲ. ಚರಂಡಿಯ ವಿಷಗಾಳಿ ಕಾಂಕ್ರೀಟನ್ನೇ ತಿಂದುಹಾಕಿತ್ತು. ರಸ್ತೆಯಡಿಯ ಮಣ್ಣು ಜೋತುಬಿದ್ದಿತ್ತು. ನೋಡನೋಡುತ್ತಿದ್ದಂತೆ ಅದು ಡ್ರೋನ್ ಮೇಲೆ ಕಳಚಿ ಬಿತ್ತು, ಪರದೆ ಕಪ್ಪಾಯಿತು.

“ಹೋದ್ರೆ ಹೋಗಲಿ, ಯಂತ್ರ ತಾನೆ,” ಎಂದರು ಎಂಜಿನಿಯರಮ್ಮ. ಎಲ್ಲಿ ಅಗೆಯಬೇಕೆಂದು ತಿಳಿದಿತ್ತು. ಅಷ್ಟು ದೂರ ರಸ್ತೆ ಮುಚ್ಚಿ ಮೇಲಿನಿಂದಲೇ ಅಗೆಯಲು ಬರೆದುಕೊಂಡರು.

ಅಕ್ಕ ಮಗನ ರಟ್ಟೆಯನ್ನು ಹಿಡಿದವಳು ಬಿಡಲೇ ಇಲ್ಲ. ಇಸ್ತ್ರಿಯವನು ಹತ್ತಿರ ಹೋಗಿ, “ಭಾವ ಹೋಗಿದ್ದು ನನ್ನಿಂದಾನೇ ಅಕ್ಕ,” ಎಂದ. ಅವಳು ಅವನ ಬೊಬ್ಬೆ ಎದ್ದ ಅಂಗೈಯನ್ನೊಮ್ಮೆ ನೋಡಿ, ಮಗನನ್ನು ಕರೆದುಕೊಂಡು ಮನೆ ಕಡೆ ನಡೆದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಮುಂದೊಮ್ಮೆ ನೋಡಿ. ಚರಂಡಿ ಮುಚ್ಚಳದ ಮೇಲೆ ಮೆಟ್ಟಿಲೋ ಕಟ್ಟೆಯೋ ಇದ್ದರೆ ಇವತ್ತೇ ತೆಗೆಸಿ. ನಾತ ಬಂದರೆ ದೂರು ಕೊಡಿ, ಕಾಂಕ್ರೀಟು ಸುರಿಯಬೇಡಿ. ಡ್ರೋನ್ ತಂದವರಿಗೆ ದಾರಿ ಬಿಡಿ. ಮನುಷ್ಯರನ್ನು ಇಳಿಸಲು ಬಂದವರನ್ನು ಅಡ್ಡ ನಿಂತು ತಡೆಯಿರಿ. ಡ್ರೋನ್ ಹೋದರೆ ಇನ್ನೊಂದು ಬರುತ್ತದೆ.