ನಿಂಬೆಹಣ್ಣಿನಲ್ಲಿ ತೊಳೆದ ಜಿಂಕೆಗಳು

ಮೂರು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ ಮೇಲೆ, ಬಂಡೆಯಿಂದ ಉಗುರಿನಷ್ಟು ಪದರ ಕೆರೆದುಕೊಳ್ಳಲು ಸಂಶೋಧಕಿಗೆ ಅನುಮತಿ ಸಿಕ್ಕಿತ್ತು. ಉಗುರಿನಷ್ಟಕ್ಕೆ ಹದಿನೇಳು ಸಹಿ! ಬಂಡೆಯ ಮೇಲೆ ಜಿಂಕೆಗಳ ಹಿಂಡು, ಯಾವ ಕಾಲದಲ್ಲೋ ಯಾರೋ ಕೊರೆದದ್ದು. ಗೆರೆಗಳ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿತ್ತು. ಅದರ ವಯಸ್ಸು ಗೊತ್ತಾದರೆ, ಚಿತ್ರ ಅದಕ್ಕಿಂತ ಹಳೆಯದು ಎಂದು ಎದೆ ತಟ್ಟಿ ಹೇಳಬಹುದು. ಹೇಳಲೇಬೇಕಿತ್ತು. ಕಣಿವೆಯಲ್ಲಿ ಹೊಳೆಯ ಪಕ್ಕ ರಸ್ತೆ ಬರುವುದಿತ್ತು, ಬಂಡೆ ಅದಕ್ಕೆ ಅಡ್ಡ. ಹಳೆಯದೆಂದು ರುಜುವಾತಾದರೆ ರಸ್ತೆ ಸುತ್ತಿಕೊಂಡು ಹೋಗುತ್ತದೆ, ಇಲ್ಲದಿದ್ದರೆ ಬಂಡೆಗೆ ಸಿಡಿಮದ್ದು.

ಆ ಬೆಳಿಗ್ಗೆ, ಕಣ್ಣೆದುರೇ ಪದರ ಕೆರೆದು ತೋರಿಸಲೆಂದು, ರಸ್ತೆ ಇಲಾಖೆಯ ಸಾಹೇಬರನ್ನು ಕರೆದುಕೊಂಡು ಆಕೆ ಬೆಟ್ಟ ಇಳಿದಳು. ಸಾಹೇಬರು ದಾರಿಯುದ್ದಕ್ಕೂ ಮಂಡಿ ಹಿಡಿದುಕೊಂಡು ನರಳಿದರು. "ಫೋಟೋದಲ್ಲೇ ನೋಡಬಹುದಿತ್ತಲ್ಲಮ್ಮ" ಎಂದು ನಾಲ್ಕು ಸಲ ಹೇಳಿದರು. ಹಲ್ಲು ಕಚ್ಚಿಕೊಂಡು ನಕ್ಕಳು.

ಹೊಳೆ ದಾಟುತ್ತಲೇ ಅವಳು ಗಕ್ಕನೆ ನಿಂತಳು. ಬಂಡೆ ಫಳಫಳ ಹೊಳೆಯುತ್ತಿತ್ತು.

ಹನ್ನೆರಡು ವರ್ಷದಿಂದ ಅದನ್ನು ಕಾಯುತ್ತಿದ್ದ ಕಾವಲುಗಾರ, ಆಕೆ ಬಾಯ್ತುಂಬ ಚಿಕ್ಕಪ್ಪ ಎನ್ನುತ್ತಿದ್ದವನು, ಓಡೋಡಿ ಬಂದ. "ಬಾ ತಾಯಿ! ಸಾಹೇಬರು ಬರ್ತಾರೆ, ಜಾಗ ಚೊಕ್ಕಟವಾಗಿಡಿ ಅಂತ ಕಾಗದ ಬರೆದಿದ್ಯಲ್ಲ? ಎಂಟು ದಿನ ಕೂತು ಉಜ್ಜಿದೀನಿ."

"ಯಾವುದರಲ್ಲಿ ಉಜ್ಜಿದ್ರಿ, ಚಿಕ್ಕಪ್ಪ?"

"ನಿಂಬೆಹಣ್ಣು! ಎರಡು ಬುಟ್ಟಿ. ಬ್ರಶ್ಶೂ ಹಲ್ಲುಜ್ಜೋದೇ, ಮೆತ್ತಗಿನದು. ಒಂದು ಗೆರೇನೂ ಕೆಟ್ಟಿಲ್ಲ, ಆ ಹಾಳು ಬಿಳಿ ಕೊಳೆ ಮಾತ್ರ ಹೋಯ್ತು. ಮನೇಲಿ ಒಂದು ಲೋಟ ತೊಳೆಯೋರಲ್ಲ ನೀವು ಅಂತ ನಿಮ್ಮ ಚಿಕ್ಕಮ್ಮ ಬೈದ್ಲು."

ಆಕೆ ಭೂತಗನ್ನಡಿ ಹಿಡಿದು ಒಂದೊಂದೇ ಗೆರೆಯ ಮೇಲೆ ಮೂಗೂರಿ ಹುಡುಕಿದಳು. ಕೊಂಬು, ಕಾಲು, ಬಾಲ. ಎಲ್ಲೂ ಚೂರು ಪದರವಿಲ್ಲ. ಮೂರು ವರ್ಷದ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕಿರುಚಬೇಕು ಅನ್ನಿಸಿತು. ಆದರೆ ಯಾರ ಮೇಲೆ? ಕಾಗದ ಬರೆದವಳು ತಾನೇ. ಮೇಕೆ ಹಿಕ್ಕೆ, ಸಿಗರೇಟ್ ತುಂಡು ಗುಡಿಸಿರಲಿ ಎಂದಷ್ಟೇ ಅಂದುಕೊಂಡಿದ್ದಳು, ಅದನ್ನು ಬಿಡಿಸಿ ಬರೆಯಲು ಒಂದು ಸಾಲು ಹೆಚ್ಚು ಹಿಡಿಯುತ್ತಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು.

"ಎಷ್ಟು ಹಳೇದಮ್ಮ ಇದು?" ಸಾಹೇಬರು ಪೆನ್ನು ತೆಗೆದರು.

"ಹತ್ತು ಸಾವಿರ ವರ್ಷ ಇರಬಹುದು, ಸಾರ್."

"ಇರಬಹುದು ಅಂದ್ರೆ ಹೇಗೆ? ಪುರಾವೆ ತೋರಿಸ್ತೀನಿ ಅಂದಿದ್ರಲ್ಲ?"

ಅವಳು ಮತ್ತೆ ಭೂತಗನ್ನಡಿ ಹಿಡಿದು ಬಂಡೆಗೆ ಬಗ್ಗಿದಳು. ಕಾವಲುಗಾರನಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಹುಡುಗಿಯ ಮರ್ಯಾದೆ ಹೋಗುತ್ತಿದೆ ಎನ್ನಿಸಿ ಮುಂದೆ ಬಂದ. "ಅವಳನ್ನೇನು ಕೇಳ್ತೀರಿ ಸಾಹೇಬ್ರೆ, ನೀವೇ ಕಣ್ಣಾರೆ ನೋಡಿ. ನಿನ್ನೆ ಕೊರೆದ ಹಾಗಿಲ್ವಾ?"

ಸಾಹೇಬರು ಬಗ್ಗಿ ನೋಡಿದರು. ಗೆರೆಯ ಮೇಲೆ ಬೆರಳಾಡಿಸಿದರು. "ಹೌದು, ನನಗೂ ಹಾಗೇ ಕಾಣ್ತಿದೆ" ಎಂದು ಬರೆದುಕೊಂಡರು.

ಕಾವಲುಗಾರ ಅವಳ ಕಡೆ ತಿರುಗಿ ಹಿಗ್ಗಿನಿಂದ ಪಿಸುಗುಟ್ಟಿದ: "ನೋಡಿದ್ಯಾ ತಾಯಿ, ಒಪ್ಪಿಕೊಂಡ್ರು."