ಖಾಲಿ ಅಡ್ಡಹೆಸರು

"ಮತ್ತ ಅಲ್ಲೇ ನಿಂತತು," ಎಂದ ನೀಲಕಂಠಪ್ಪ.

ಫೋರ್ಟಿನ ಆಫೀಸಿನ ಆ ಕಂಪ್ಯೂಟರು ಬೆಳಿಗ್ಗೆಯಿಂದ ಮೂರನೆಯ ಸಲ, ಉಳುವ ಎತ್ತು ಸಾಲಿನ ನಡುವೆ ಮೊಣಕಾಲೂರಿದಂತೆ, ನಾನೂರಾ ಹನ್ನೆರಡನೆಯ ತೂತಿನ ಕಾರ್ಡಿಗೆ ನಿಂತುಬಿಟ್ಟಿತ್ತು. ಮುಲುಂಡಿನ ಕಾರ್ಖಾನೆಯೊಂದರ ಬದಲಿ ಕೂಲಿಗಳಲ್ಲಿ ಈ ವರ್ಷ ಯಾರು ಕಾಯಂ ಎಂಬ ಪಟ್ಟಿ ಐದು ಗಂಟೆಯೊಳಗೆ ಅಚ್ಚಾಗಬೇಕು. ಪ್ರೋಗ್ರಾಮು ಬರೆದವನು ನೀಲಕಂಠಪ್ಪನೇ.

ಅವನು ಪ್ರೋಗ್ರಾಮಿನ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಬಂದ. ಕೊರತೆಯಿರುವ ಕಾರ್ಡನ್ನು ಬೇರೆ ಹಾಳೆಗೆ ಹಾಕಿ ಮುಂದೆ ಹೋಗಲೆಂದು ಕೊನೆಯಲ್ಲೊಂದು ತುಂಡು ಬರೆದಿದ್ದ. ಅದಕ್ಕೆ ಕೊಡಬೇಕಾದದ್ದು ತಪ್ಪಿನ ನಂಬರು. ಇವನು ಕೊಟ್ಟದ್ದು ಕೂಲಿಯ ಹೆಸರು; ಅದಕ್ಕೇ ನಿಂತಿತ್ತು.

ಪಕ್ಕದ ಮೇಜಿನ ಶೇಖರ ಬಗ್ಗಿ ನೋಡಿ ನಕ್ಕ. "ಎಂತ ಮಾರಾಯಾ! ಬಿದ್ದವರನ್ನು ಎತ್ತಲಿಕ್ಕೆ ನೀನು ಇಟ್ಟ ಜನವೇ ಮೊದಲು ಬಿತ್ತಲ್ಲ! ಎರಡು ನಿಮಿಷದ ಕೆಲಸ, ಸರಿ ಮಾಡಿ ಓಡಿಸು."

ನೀಲಕಂಠಪ್ಪ ಕಾರ್ಡನ್ನು ಬೆಳಕಿಗೆ ಹಿಡಿದ. ಸಾಯಬಣ್ಣ. ಅಡ್ಡಹೆಸರಿನ ಜಾಗದಲ್ಲಿ ಒಂದು ತೂತೂ ಇಲ್ಲ. ಘಾಟ್ಕೋಪರಿನ ಚಾಳಿನಲ್ಲಿ ತನ್ನ ಗೋಡೆಯಾಚೆಯ ಖೋಲಿಯವನು. ಆರು ವರ್ಷದಿಂದ ಬದಲಿ. "ನಮ್ಮೂರಾಗ ಸಾಯಬಣ್ಣ ಅಂದ್ರ ನಾನೊಬ್ಬನ ರೀ, ಅಡ್ಡೆಸರು ಯಾತಕ?" ಎಂದು ಒಮ್ಮೆ ನಕ್ಕಿದ್ದ. ಕಾಯಂ ಆದರೆ ಹೆಂಡತಿ ಚಂದ್ರವ್ವನ ಕೆಮ್ಮಿಗೆ ಕಾರ್ಖಾನೆಯ ದವಾಖಾನೆ ಸಿಗುತ್ತಿತ್ತು.

ಅಡ್ಡಹೆಸರು ಕೇಳಲೆಂದು ಕಾರ್ಖಾನೆಗೆ ಫೋನ್ ಮಾಡಿದ. "ಕಾರ್ಡ್ ಮೇ ಜೋ ಹೈ ವಹೀ ಛಾಪೋ," ಇದ್ದದ್ದನ್ನೇ ಅಚ್ಚುಹಾಕು ಎಂದು ಲೇಬರ್ ಆಫೀಸರು ರಿಸೀವರ್ ಇಟ್ಟರು.

"ಅಡ್ಡೆಸರಿನ ಜಾಗಾದಾಗ ಅವನ ಊರ ಹೆಸರ ಹಾಕ್ಲೇನೋ ಶೇಖರ?"

"ಹಾಕು. ನಾಳೆ ಗೇಟಿನಲ್ಲಿ ಅವನ ಬಿಲ್ಲೆಗೂ ಪಟ್ಟಿಗೂ ತಾಳೆಯಾಗದಿದ್ದರೆ? ಕಳ್ಳ ಹೆಸರು ಅಂತ ಇದ್ದ ಬದಲಿಯೂ ಹೋಗ್ತದೆ."

ಹೀಗೆಯೇ ನಿಂತಿರಲಿ ಎಂದು ನೀಲಕಂಠಪ್ಪನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಅದರ ಹಿಂದೆ ಆರುನೂರು ಕಾರ್ಡುಗಳು ನಿಂತಿದ್ದವು. ಪ್ರೋಗ್ರಾಮಿನಲ್ಲಿ ಹೆಸರಿದ್ದಲ್ಲಿ ತಪ್ಪಿನ ನಂಬರು ಹಾಕಿದ. ಕಂಪ್ಯೂಟರು ಈ ಸಲ ಎಲ್ಲೂ ತಡವರಿಸಲಿಲ್ಲ. ಬೇರೆ ಹಾಳೆಯಲ್ಲಿ ಒಂದೇ ಒಂದು ಸಾಲು, ಸ್ವಚ್ಛವಾಗಿ ಅಚ್ಚಾಗಿತ್ತು. ಆ ಹಾಳೆಗೆ ಬಂದವರು ಮುಂದಿನ ವರ್ಷದವರೆಗೆ ಕಾಯಬೇಕು.

ಸಂಜೆ ಚಾಳಿನ ಮೆಟ್ಟಿಲಿನ ಮೇಲೆ ಸಾಯಬಣ್ಣ ಕುಳಿತಿದ್ದ.

"ಮಷೀನ ಕೆಟ್ಟೇತಿ ಅಂತ ಗೇಟಿನ್ಯಾಗ ಮಾತಾಡ್ತಿದ್ರು. ರಿಪೇರಿ ಆತೇನ್ರಿ?"

"ಆತು."

"ನೀವಽ ಮಾಡಿದ್ರೇನು?"

"ಹೂಂ."

"ಕೇಳಿದ್ಯೇನಽ, ಚಂದ್ರವ್ವಾ? ನಮ್ಮ ಕಡಿ ಮನಶ್ಯಾ ಮಾಡ್ಯಾನ! ಇನ್ನ ಪಟ್ಟಿ ತಡಾ ಇಲ್ಲ."

ಅವನು ಹೆಗಲ ಟವೆಲ್ಲಿನಿಂದ ಮೆಟ್ಟಿಲಿನ ಧೂಳು ಝಾಡಿಸಿ, ಸರಿದು ಜಾಗ ಮಾಡಿದ. ನೀಲಕಂಠಪ್ಪ ನಿಂತೇ ಇದ್ದ.